ಎದೆನೋವಿಗೆ ಬೆಳಗಾಗುವವರೆಗೆ ಕಾಯಬೇಡಿ



ನಡುರಾತ್ರಿ ಕೊಟ್ಟಿಗೆಯಲ್ಲಿ ಹಸುವಿನ ಹೊಟ್ಟೆ ಉಬ್ಬರಿಸಿದರೆ ನೀವು ಬೆಳಗಾಗಲೆಂದು ಕಾಯುವುದಿಲ್ಲ. ಬ್ಯಾಟರಿ ಹಿಡಿದು ಹೋಗಿ ಪಶುವೈದ್ಯರ ಬಾಗಿಲು ತಟ್ಟುತ್ತೀರಿ. ಅದೇ ಹೊತ್ತಿನಲ್ಲಿ ಮನೆಯ ಯಜಮಾನನ ಎದೆ ಹಿಂಡಿದರೆ ಮಾತ್ರ "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿಸಿ, ಓಮದ ನೀರು ಕೊಟ್ಟು, ಎಣ್ಣೆ ತಿಕ್ಕಿ ಮಲಗಿಸುತ್ತೇವೆ. ಹಳ್ಳಿಗಳಲ್ಲಿ ಹೃದಯಾಘಾತದಿಂದ ಜೀವ ಹೋಗಲು ಆಸ್ಪತ್ರೆಯ ದೂರವೊಂದೇ ಕಾರಣವಲ್ಲ; ಮನೆಯ ಹೊಸ್ತಿಲು ದಾಟಲು ನಾವು ಮಾಡುವ ತಡವೂ ಕಾರಣವೆಂಬುದು ನನ್ನ ಅಭಿಪ್ರಾಯ.

ಹೃದಯಕ್ಕೆ ರಕ್ತ ಒದಗಿಸುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತಾಗ ಹೃದಯಾಘಾತವಾಗುತ್ತದೆ. ಕಾಲುವೆಗೆ ಮಣ್ಣು ಕುಸಿದು ನೀರು ನಿಂತ ಹೊಲದಂತೆ ಎಂದು ತಿಳಿಯಿರಿ. ಪೈರು ಬಾಡಲು ತೊಡಗಿದಾಗಲೇ ನೀರು ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಶಾಶ್ವತ ಬಾಡುವಿಕೆಯ ಹಂತ ದಾಟಿದ ಮೇಲೆ ಎಷ್ಟು ಹಾಯಿಸಿದರೂ ಫಲವಿಲ್ಲ. ಪೈರು ದಿನಗಳ ಲೆಕ್ಕದಲ್ಲಿ ತಾಳುತ್ತದೆ, ಹೃದಯದ ಸ್ನಾಯು ನಿಮಿಷಗಳ ಲೆಕ್ಕದಲ್ಲಿ. ನಾಳ ಪೂರ್ತಿ ಮುಚ್ಚಿದ ಸುಮಾರು ಅರ್ಧ ಗಂಟೆಗೇ ಸ್ನಾಯು ಸಾಯತೊಡಗುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು 12 ಗಂಟೆಯೊಳಗೆ ಕೊಡಬಹುದಾದರೂ ಮೊದಲ 1-2 ಗಂಟೆಗಳಲ್ಲಿ ಸಿಗುವಷ್ಟು ಪ್ರಯೋಜನ ಅನಂತರ ಸಿಗದು. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ. ಜೀವ ಉಳಿದರೂ ಮೊದಲಿನಂತೆ ದುಡಿಯುವ ಶಕ್ತಿ ಉಳಿಯದೆ ಹೋಗಬಹುದು.

ಎದೆಯ ನಡುವೆ ಭಾರ ಅಥವಾ ಹಿಂಡಿದಂಥ ನೋವು, ಅದು ಎಡತೋಳು, ದವಡೆ, ಬೆನ್ನು, ಮೇಲ್ಹೊಟ್ಟೆಗೆ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ವಾಂತಿ—ಇವು ಮುಖ್ಯ ಲಕ್ಷಣಗಳು. ಸಕ್ಕರೆ ಕಾಯಿಲೆಯವರಲ್ಲಿ, ವೃದ್ಧರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರಿಯ ಸುಸ್ತು, ಏದುಸಿರು ಕಾಣಿಸಬಹುದು. ಎಲ್ಲರ ಊಟವಾಗುವವರೆಗೆ ತನ್ನ ಸಂಕಟ ಹೇಳದ ಮನೆಯೊಡತಿಯ ಬಗ್ಗೆ ವಿಶೇಷ ಎಚ್ಚರಿಕೆ ಅವಶ್ಯ.

"ಆಸ್ಪತ್ರೆಗೆ ಹೋಗಿ ಗ್ಯಾಸ್ ಎಂದಾದರೆ ನಗೆಪಾಟಲಲ್ಲವೇ?" ಎಂದು ನೀವು ಕೇಳಬಹುದು. ಗ್ಯಾಸ್ ಆಗಿದ್ದರೆ ಸಂತೋಷವಾಗಿ ಮನೆಗೆ ಬನ್ನಿ. ಅದನ್ನು ತೀರ್ಮಾನಿಸಬೇಕಾದದ್ದು ನೆರೆಯವರಲ್ಲ, ಇ.ಸಿ.ಜಿ. ಪರೀಕ್ಷೆ ಮತ್ತು ವೈದ್ಯರು. ಮೊದಲ ಇ.ಸಿ.ಜಿ. ಸರಿಯಾಗಿ ಕಂಡರೂ ನೋವು ನಿಲ್ಲದಿದ್ದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ, ಅವಸರಪಟ್ಟು ಹಿಂದಿರುಗಬೇಡಿ.

ಖರ್ಚಿನ ಅಂಜಿಕೆಯೂ ತಡಕ್ಕೆ ಕಾರಣ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲೇ ತೀರಿಕೊಂಡದ್ದು ನಿಮಗೆ ನೆನಪಿದೆ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ಯೋಜನೆಗೆ ಸೇರಿದ ಜಿಲ್ಲಾ ಹಾಗೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಜಯದೇವ ಸಂಸ್ಥೆಯಂಥ ಕೇಂದ್ರಗಳ ತಜ್ಞರ ಸಲಹೆ ಪಡೆದು, ಅಗತ್ಯವಿದ್ದವರಿಗೆ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಇದರ ಬೆಲೆ ಹತ್ತಾರು ಸಾವಿರ ರೂಪಾಯಿ. ಆದ್ದರಿಂದ ದೂರದ ನಗರದ ದೊಡ್ಡ ಆಸ್ಪತ್ರೆಯೇ ಬೇಕೆಂದು ಹಟ ಹಿಡಿದು ದಾರಿಯಲ್ಲಿ ಹೊತ್ತು ಕಳೆಯುವುದು ಸರಿಯಲ್ಲ. ಈ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗತಕ್ಕದ್ದು. ಮುಂದಿನದನ್ನು ಅಲ್ಲಿಯ ವೈದ್ಯರು ಹೇಳುತ್ತಾರೆ.

ನೋವು ಬಂದಾಗ ರೋಗಿಯನ್ನು ನಡೆಸಬೇಡಿ, ತಾನೇ ಬೈಕು ಓಡಿಸಲು ಬಿಡಬೇಡಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವೆಂದು ತಿಳಿದರೆ ಸಿಕ್ಕ ವಾಹನದಲ್ಲಿ ಹೊರಡಿ. ಆಸ್ಪಿರಿನ್ ಮಾತ್ರೆಯನ್ನು ವೈದ್ಯರು ಅಥವಾ 108ರ ಸಿಬ್ಬಂದಿ ಹೇಳಿದರೆ ಕೊಡಿ. ಅದನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ.

ಬಿತ್ತನೆಗೆ ಬೀಜವನ್ನು ಮಳೆ ಬಂದ ಮೇಲೆ ಹುಡುಕುವ ರೈತನಿಲ್ಲ. ಹಾಗೆಯೇ ಈ ಸಿದ್ಧತೆಯೂ ಮೊದಲೇ ಆಗಬೇಕು. ಹತ್ತಿರದಲ್ಲಿ ಈ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿ ದೊರೆಯುತ್ತದೆ, ರಾತ್ರಿ ವೇಳೆ ಊರಿನಲ್ಲಿ ಯಾರ ವಾಹನ ಸಿಗುತ್ತದೆ ಎಂಬುದನ್ನು ವಿಚಾರಿಸಿ ಹಾಲಿನ ಸೊಸೈಟಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಈ ವಾರವೇ ಮಾಡಿ. ತಪ್ಪಿದ ಹಂಗಾಮು ಮುಂದಿನ ವರ್ಷ ಮತ್ತೆ ಬಂದೀತು. ಮನೆಯ ಜೀವ ಬಾರದು.