ಆರಾಧನೆಯಲ್ಲಿ ಹಾಡುವವರು ಯಾರು?

ಸಂಗೀತವು ದೇವರ ಆರಾಧನೆಗೆ ಒಡವೆಯೋ, ಉಸಿರೋ? ಒಡವೆಯಾದರೆ ಕಳಚಿಟ್ಟರೂ ನಡೆದೀತು. ಉಸಿರಾದರೆ ನಿಂತಲ್ಲಿಗೆ ಎಲ್ಲವೂ ಮುಗಿಯಿತು. ಈ ಪ್ರಶ್ನೆಯನ್ನೆತ್ತಲು ನಾನು ಸಂಗೀತಶಾಸ್ತ್ರ ಓದಿದವನಲ್ಲ, ಕ್ರೈಸ್ತನೂ ಅಲ್ಲ. ಹಿರೇಕೆರೂರು ತಾಲೂಕಿನ ಒಕ್ಕಲು ಮನೆಯೊಂದರಲ್ಲಿ ಭಜನಾಪದಗಳನ್ನು ಕೇಳುತ್ತ ಬೆಳೆದವನು. ಆದರೂ ಕಳೆದೊಂದು ವರ್ಷದಲ್ಲಿ ಸಣ್ಣದೊಂದು ಕ್ರೈಸ್ತ ಸಭೆಯಲ್ಲಿ ನಾನು ಕಂಡುದೂ ಕೇಳಿದುದೂ ಈ ಪ್ರಶ್ನೆಯನ್ನು ನನ್ನ ಬೆನ್ನಿಗೆ ಕಟ್ಟಿವೆ. ನನ್ನ ಅಲ್ಪಮತಿಗೆ ತೋಚಿದುದನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುತ್ತಿದ್ದೇನೆ. ತಪ್ಪಿದ್ದರೆ ತಿದ್ದುವ ಹಕ್ಕು ಅವರದು.

ನಮ್ಮ ಕಾಲೇಜಿಗೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಈ ನೆಲದಲ್ಲಿ ಧರ್ಮವು ಗ್ರಂಥದಿಂದ ಬಂದುದಕ್ಕಿಂತ ಕೊರಳಿನಿಂದ ಬಂದುದೇ ಹೆಚ್ಚು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದರು. ಅದೇ ತಾಲೂಕಿನ ಶಿಶುನಾಳದಲ್ಲಿ ಶರೀಫರು (1819–1889) ಮುಸಲ್ಮಾನರಾಗಿ ಹುಟ್ಟಿ, ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯರಾಗಿ, ಕನ್ನಡದಲ್ಲಿ ತತ್ತ್ವಪದ ಹಾಡಿದರು. ಹಿರೇಕೆರೂರು ತಾಲೂಕಿನ ಅಬಲೂರನ್ನು ಸರ್ವಜ್ಞನ ಊರೆಂದು ನೆನೆಯುತ್ತೇವೆ. ಅವನು ಹಿಡಿದ ತ್ರಿಪದಿಯೇ ನಮ್ಮ ತಾಯಂದಿರ ಬೀಸುವ ಪದದ ಮಟ್ಟು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಸಂಗೀತಕ್ಕೆ ಹಚ್ಚಿದುದರಿಂದಲೇ ನಾಡಿಗೆ ಪಂಚಾಕ್ಷರಿ ಗವಾಯಿಗಳೂ ಗದುಗಿನ ವೀರೇಶ್ವರ ಪುಣ್ಯಾಶ್ರಮವೂ ದೊರೆತವು. ಇಂತಹ ನೆಲದಲ್ಲಿ ಕ್ರೈಸ್ತರ ಆರಾಧನೆಯೂ ಹಾಡಿಲ್ಲದೆ ನಿಂತೀತೇ?

ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿರುವ ಗೆಳೆಯ ಸವಣೂರು ಕಡೆಯವನು. ಅವನೂರಿನಲ್ಲಿ ಕ್ರೈಸ್ತರ ಮನೆಗಳು ಹತ್ತೋ ಹನ್ನೆರಡೋ. ಕಳೆದ ಮಳೆಗಾಲದಲ್ಲಿ ಅವನ ತಂದೆ ತೀರಿಕೊಂಡರು. ಸುದ್ದಿ ಬಂದೊಡನೆ ಅವನ ಜೊತೆಗೆ ನಾನೂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನು ಅಳಲಿಲ್ಲ. ಮನೆ ಮುಟ್ಟಿದ ಮೇಲೂ ಅಳಲಿಲ್ಲ; ಪೆಂಡಾಲಿನವನಿಗೆ ಹಣ ಎಣಿಸಿದ, ಬಂದವರಿಗೆ ಕುರ್ಚಿ ಹಾಕಿದ. ಪಾದ್ರಿಗಳು ಬೈಬಲ್ ಓದಿ, ಪುನರುತ್ಥಾನದ ಭರವಸೆಯನ್ನು ಕುರಿತು ಒಳ್ಳೆಯ ಮಾತುಗಳನ್ನೇ ಆಡಿದರು. ಅವನು ತಲೆಯಾಡಿಸಿದ, ಅಷ್ಟೆ. ಆಗ ಗೋಡೆಗೆ ಒರಗಿ ಕುಳಿತಿದ್ದ ಅವನ ಅಜ್ಜಿ, ಮಗನನ್ನು ಕಳೆದುಕೊಂಡ ಆ ಅಕ್ಷರ ಬಾರದ ಮುದುಕಿ, ಕಣ್ಣು ಮುಚ್ಚಿಕೊಂಡು ಒಂದು ಹಾಡು ಎತ್ತಿದರು. ಶ್ರುತಿಯಿಲ್ಲ, ವಾದ್ಯವಿಲ್ಲ, ದನಿಯೂ ಒಡೆದಿತ್ತು. ಎರಡನೆಯ ಸಾಲಿಗೆ ಒಬ್ಬ ಹೆಂಗಸು ಕೂಡಿದಳು. ಮೂರನೆಯದಕ್ಕೆ ಮನೆಯೇ ಕೂಡಿತು. ಪಲ್ಲವಿ ಮತ್ತೆ ಬಂದಾಗ ಗೆಳೆಯನ ತುಟಿ ಅಲುಗಿತು. ಹಾಡಲು ಹೋದವನು ಹಾಡಲಾರದೆ ಅಜ್ಜಿಯ ಮಡಿಲಿನಲ್ಲಿ ತಲೆಯಿಟ್ಟು ಅತ್ತ. ಹಾಡು ಮಾತ್ರ ನಿಲ್ಲಲಿಲ್ಲ. ಅವನ ಪಾಲನ್ನೂ ಉಳಿದವರು ಹಾಡಿದರು.

ಮಣ್ಣು ಮರುದಿನ ಬೆಳಿಗ್ಗೆ ಎಂದು ನಿಶ್ಚಯವಾಯಿತು. ರಾತ್ರಿ ಊರ ಭಜನಾ ಮೇಳದವರು ತಾಳ, ದಮ್ಮಡಿ ಹಿಡಿದು ಬಂದು ಅಂಗಳದಲ್ಲಿ ನಿಂತರು. ಸತ್ತವರು ಅವರೊಡನೆ ಹೊಲದಲ್ಲಿ ದುಡಿದವರು. ಒಳಗೆ ಹೋಗಬಹುದೋ ಬಾರದೋ ಎಂಬ ಹಿಂಜರಿಕೆ. ಹಿರಿಯನೊಬ್ಬ, “ಯವ್ವಾ, ನಾವೂ ಒಂದೆರಡು ಪದಾ ಹೇಳ್ಲೇನು?” ಎಂದು ಕೇಳಿದ. ಅಜ್ಜಿ, “ಮೊದಲ ಚಾ ಕುಡೀರಿ. ಖಾಲಿ ಹೊಟ್ಟೀಲೆ ಎಷ್ಟೊತ್ತು ಹಾಡ್ತೀರಿ?” ಎಂದರು. ಬೆಳಗಿನ ಜಾವದವರೆಗೆ ಶರೀಫರ ಪದವೂ ಕ್ರಿಸ್ತನ ಗೀತೆಯೂ ಸರದಿಯ ಮೇಲೆ ನಡೆದವು. ಯಾರೂ ಯಾರಿಗೂ ಸಮನ್ವಯದ ಉಪನ್ಯಾಸ ಕೊಡಲಿಲ್ಲ.

ಒಳ್ಳೆಯ ಮಾತು ಮಾಡಲಾರದ ಕೆಲಸವನ್ನು ಒಡಕುದನಿಯ ಹಾಡು ಮಾಡಿದುದು ಹೇಗೆ? ಮಾತನ್ನು ಒಬ್ಬರು ಆಡುತ್ತಾರೆ, ಉಳಿದವರು ಕೇಳುತ್ತಾರೆ. ಒಪ್ಪುವುದೂ ಬಿಡುವುದೂ ಬುದ್ಧಿಯ ವ್ಯಾಪಾರ. ಹಾಡಾದರೋ ಮೈಯನ್ನೇ ಕೇಳುತ್ತದೆ. ಕೂಡಿ ಹಾಡುವವರೆಲ್ಲರೂ ಒಂದೇ ಕಡೆ ಉಸಿರೆಳೆದು ಒಂದೇ ಕಡೆ ಬಿಡಬೇಕು. ದುಃಖದಲ್ಲಿ ಬಿಗಿದ ಎದೆಗೆ ಹತ್ತು ಜನರ ಉಸಿರು ದಾರಿ ತೋರಿಸುತ್ತದೆ. ಬೈಬಲ್ ಈ ಗುಟ್ಟನ್ನು ಬಲ್ಲದು. ದುರಾತ್ಮದಿಂದ ಪೀಡಿತನಾದ ಅರಸ ಸೌಲನಿಗೆ ದಾವೀದನ ಕಿನ್ನರಿಯೇ ಮದ್ದಾಯಿತು. ಫಿಲಿಪ್ಪಿಯ ಸೆರೆಮನೆಯಲ್ಲಿ ಕಾಲಿಗೆ ಕೋಳ ಹಾಕಿಸಿಕೊಂಡ ಪೌಲನೂ ಸೀಲನೂ ನಡುರಾತ್ರಿಯಲ್ಲಿ ಹಾಡುತ್ತಿದ್ದರು. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಶಿಷ್ಯರೊಡನೆ ಊಟ ಮುಗಿಸಿ ಹೊರಟದ್ದೂ ಹಾಡಿದ ಮೇಲೆಯೇ. ದಾವೀದನ ಹೆಸರಿನೊಡನೆ ಬಂದ ಆ 150 ಹಾಡುಗಳ ಪುಸ್ತಕಕ್ಕೆ ಕನ್ನಡ ಬೈಬಲಿನಲ್ಲಿರುವ ಹೆಸರು ‘ಕೀರ್ತನೆಗಳು’. ಕನಕ ಪುರಂದರರ ಹಾಡಿಗೂ ಅದೇ ಹೆಸರು. ಇದು ಬರಿಯ ಶಬ್ದದ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆದರೆ ಈ ಹಾಡು ಜನರ ಬಾಯಿಗೆ ಬಂದುದು ಸುಲಭವಾಗಿ ಅಲ್ಲ. ಯುರೋಪಿನಲ್ಲಿಯೇ ಬಹುಕಾಲ ದೇವಾಲಯದ ಹಾಡು ಪಾದ್ರಿಗಳ, ಗಾಯಕವೃಂದದ ಸ್ವತ್ತಾಗಿತ್ತು, ಭಾಷೆ ಲ್ಯಾಟಿನ್. ಮಾರ್ಟಿನ್ ಲೂಥರನು ಅದನ್ನು ಜರ್ಮನ್ ಭಾಷೆಗೆ ತಂದು ಪೀಠಗಳಲ್ಲಿ ಕುಳಿತ ಸಾಮಾನ್ಯರ ಬಾಯಿಗೆ ಕೊಟ್ಟ. 1524ರಲ್ಲಿ ಎಂಟೇ ಎಂಟು ಹಾಡುಗಳ ಸಣ್ಣ ಪುಸ್ತಕವೊಂದು ಅಚ್ಚಾಯಿತು. ಆ ಪರಂಪರೆಯನ್ನು ಹೊತ್ತು ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲೆನಿಂತರು. ಅವರು ಧಾರವಾಡಕ್ಕೆ ಬಂದಾಗ ನಮ್ಮ ಶರೀಫರು ಹದಿನೆಂಟರ ತರುಣ!

ಅವರ ಮುಂದೆ ಒಂದು ತೊಡಕಿತ್ತು. ಜರ್ಮನ್ ಸ್ತುತಿಗೀತೆಯ ಮಟ್ಟು ಒತ್ತಕ್ಷರ ನೋಡಿ ಹೆಜ್ಜೆಯಿಡುತ್ತದೆ. ಕನ್ನಡವಾದರೋ ಗುರುಲಘು ನೋಡಿ ನಡೆಯುವ ಭಾಷೆ. ಪರದೇಶದ ಮಟ್ಟಿಗೆ ಕನ್ನಡದ ಮಾತು ಹೊಂದಿಸಿದರೆ ಲಘು ಹಿಗ್ಗಬೇಕು, ಗುರು ಕುಗ್ಗಬೇಕು. ಹಾಡುವವನ ನಾಲಗೆ ಎಡವುತ್ತದೆ. ಇದನ್ನು ಅರಿತವರು ಅವರಲ್ಲಿಯೇ ಇದ್ದರು. ಹರ್ಮನ್ ಮೋಗ್ಲಿಂಗನು 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ. ನಿಘಂಟಿನಿಂದ ನಮಗೆಲ್ಲ ಪರಿಚಿತನಾದ ಫರ್ಡಿನೆಂಡ್ ಕಿಟ್ಟೆಲ್ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದವನು, 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಪದ್ಯದ ಧಾಟಿಯಲ್ಲಿಯೇ ಹೇಳಿದ. ನೆರೆಯ ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು (1861–1919) ಕ್ರಿಸ್ತನನ್ನು ಅಭಂಗದಲ್ಲಿ ಹಾಡಿದರು. ಕಥೋಲಿಕರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದು, ಆಯಾ ಜನರ ಸಂಗೀತಕ್ಕೆ ಮನ್ನಣೆ ಕೊಡಬೇಕೆಂದಿತು. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಪಾದ್ರಿಯೊಬ್ಬರು ಕಾವಿಯುಟ್ಟು, ತಮ್ಮ ಆರಾಧನಾಸ್ಥಾನವನ್ನು ವಿರಕ್ತಮಠವೆಂದೇ ಕರೆದರು. ಇವರೆಲ್ಲರ ಪ್ರಯತ್ನದ ತಿರುಳು ಒಂದೇ: ಹಾಡು ಹಾಡುವವನದಾಗಬೇಕು.

ಇಲ್ಲಿ ಒಂದು ಆಕ್ಷೇಪವುಂಟು. ಸಂಗೀತದಿಂದ ಕಣ್ಣೀರು ಬಂದ ಮಾತ್ರಕ್ಕೆ ಅದು ಭಕ್ತಿಯೇ? ಸಿನಿಮಾ ನೋಡಿಯೂ ಅಳುತ್ತೇವಲ್ಲ! ಈ ಅನುಮಾನ ಹೊಸದಲ್ಲ. ನಾಲ್ಕನೆಯ ಶತಮಾನದ ಸಂತ ಅಗಸ್ಟೀನನು ಮಿಲಾನಿನ ದೇವಾಲಯದ ಹಾಡು ಕೇಳಿ ಅತ್ತವನು. ಆದರೆ ಹಾಡಿನ ವಿಷಯಕ್ಕಿಂತ ಹಾಡುಗಾರಿಕೆಯೇ ತನ್ನನ್ನು ಹೆಚ್ಚಾಗಿ ಸೆಳೆದಾಗ ಅದು ತನ್ನ ಪಾಪವೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಅವನ ಎಚ್ಚರ ನಮಗೂ ಬೇಕು. ಆದರೆ ಭಾವವನ್ನು ಕೆರಳಿಸುವ ಹಾಡಿಗೂ ಭಾವವನ್ನು ಹೊರುವ ಹಾಡಿಗೂ ಅಂತರವುಂಟು. ಮೊದಲನೆಯದು ಮುಗಿದೊಡನೆ ಚಪ್ಪಾಳೆ ಬೀಳುತ್ತದೆ. ಎರಡನೆಯದು ಮುಗಿದ ಮೇಲೆ ಜನ ಎದ್ದು ಮಣ್ಣು ಕೊಡಲು ಹೋಗಬಲ್ಲರು. ಆ ಮರುದಿನ ಗೆಳೆಯ ತಂದೆಯ ಪೆಟ್ಟಿಗೆಗೆ ಹೆಗಲು ಕೊಟ್ಟುದನ್ನು ನಾನು ಕಂಡೆ.

ಅದೇ ವರ್ಷದ ಕ್ರಿಸ್ಮಸ್ಸಿಗೆ ಗೆಳೆಯನ ಕರೆಯ ಮೇರೆಗೆ ಮತ್ತೆ ಆ ಊರಿಗೆ ಹೋದೆ. ದೇವಾಲಯಕ್ಕೆ ಹೊಸದಾಗಿ ಎರಡು ದೊಡ್ಡ ಸ್ಪೀಕರುಗಳು ಬಂದಿದ್ದವು. ಗೆಳೆಯನೇ ಕೀಬೋರ್ಡ್ ನುಡಿಸಿದ. ಇಬ್ಬರು ತರುಣರು ಮೈಕು ಹಿಡಿದು ಹಾಡಿದರು. ಡ್ರಮ್ಮಿನ ಸದ್ದು ಪೆನ್‌ಡ್ರೈವಿನಿಂದ ಬಂತು. ಹಾಡುಗಾರಿಕೆ ಅಚ್ಚುಕಟ್ಟಾಗಿತ್ತು, ಸುಳ್ಳೇಕೆ ಹೇಳಲಿ? ಆದರೆ ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜಿಯ ಬಾಯಿ ಮುಚ್ಚಿತ್ತು. ಆರಾಧನೆ ಮುಗಿದ ಮೇಲೆ, “ಯಾಕಜ್ಜಿ, ಇವತ್ತ ನೀವು ಹಾಡ್ಲೇ ಇಲ್ಲಲ್ಲ?” ಎಂದು ಕೇಳಿದೆ. “ಹಾಡಾಕ ಹೋದೆ ತಮ್ಮಾ. ನನ್ನ ದನಿ ನನಗ ಕೇಳಲಿಲ್ಲ. ಕೇಳದಿದ್ರ ಹಾಡೀನೋ ಇಲ್ಲೋ ಹೆಂಗ ಗೊತ್ತಾಗಬೇಕು?” ಎಂದರು.

ಬಸ್ಸಿನಲ್ಲಿ ಈ ಮಾತನ್ನು ಗೆಳೆಯನಿಗೆ ಹೇಳಿದೆ. ಅವನು ನೊಂದುಕೊಂಡ, ಆದರೆ ಸುಮ್ಮನಾಗಲಿಲ್ಲ. “ಕೀಬೋರ್ಡ್ ಇರದಿದ್ರ ನನ್ನ ವಾರಿಗೆಯ ಹುಡುಗರು ಚರ್ಚಿಗೆ ಬರೂದ ಇಲ್ಲ. ಅಜ್ಜಿ ಹಾಡು ಯಾರಿಗೆ ಬೇಕು, ಹುಡುಗರ ಇಲ್ಲದಿದ್ರ?” ಎಂದು ಕೇಳಿದ. ಅವನ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ನಮ್ಮ ಭಜನೆಯ ಹಾರ್ಮೋನಿಯಂ ಕೂಡ ಒಂದು ಕಾಲಕ್ಕೆ ಫ್ರಾನ್ಸಿನಿಂದ ಬಂದ ಪರದೇಶಿ ವಾದ್ಯ. ಅದು ನಮ್ಮ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿಯು 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಇಂದು ಅದಿಲ್ಲದ ಮೇಳವುಂಟೇ? ಆದುದರಿಂದ ವಾದ್ಯ ಹೊಸದೋ ಹಳೆಯದೋ, ದೇಶಿಯೋ ವಿದೇಶಿಯೋ ಎಂಬುದು ನನ್ನ ತಕರಾರಲ್ಲ. ಹಾರ್ಮೋನಿಯಂ ಹಾಡುವವನ ದನಿಯ ಕೆಳಗೆ ನಿಂತು ಅದನ್ನು ಎತ್ತಿಹಿಡಿಯಿತು; ಸ್ಪೀಕರು ಅದರ ಮೇಲೆ ಕುಳಿತಿದೆ. ಅಜ್ಜಿಯ ದನಿ ಅಜ್ಜಿಗೆ ಕೇಳುವಷ್ಟು ಜಾಗ ಬಿಡದ ಸಂಗೀತ, ಎಷ್ಟೇ ಇಂಪಾಗಿರಲಿ, ಆರಾಧನೆಯನ್ನು ಕಚೇರಿಯಾಗಿಸುತ್ತದೆ, ಭಕ್ತರನ್ನು ಪ್ರೇಕ್ಷಕರನ್ನಾಗಿಸುತ್ತದೆ.

ಇದು ಕ್ರೈಸ್ತರ ಮನೆಯ ಮಾತು, ನಮಗೇಕೆ ಎಂದು ವಾಚಕರು ಎನ್ನಬಾರದು. ಎರಡು ವರ್ಷದ ಹಿಂದೆ ನನ್ನ ಅಜ್ಜ ತೀರಿಕೊಂಡರು. ಅವರು ನಮ್ಮೂರ ಮೇಳದಲ್ಲಿ ನಲವತ್ತು ವರ್ಷ ತಾಳ ಹಿಡಿದವರು. ಅವರ ಹೆಣದ ಮುಂದೆ ರಾತ್ರಿಯಿಡೀ ಭಜನೆಯಾಗಬೇಕಿತ್ತು. ಮೇಳದಲ್ಲಿ ಉಳಿದವರು ಮೂವರು. ಅವರಲ್ಲಿ ಇಬ್ಬರಿಗೆ ಉಬ್ಬಸ. ಹೀಗಾಗಿ ನಾನೇ ಮೊಬೈಲನ್ನು ಸ್ಪೀಕರಿಗೆ ಜೋಡಿಸಿ ಭಜನಾಪದಗಳನ್ನು ಹಚ್ಚಿಟ್ಟೆ. ನಡುನಡುವೆ ಜಾಹೀರಾತು ಬರುತ್ತಿತ್ತು. ಎದ್ದು ಹೋಗಿ ಒತ್ತಿ ಬರುತ್ತಿದ್ದೆ. ಅಜ್ಜ ಬದುಕಿದ್ದಾಗ ಎಷ್ಟೋ ಸಂಜೆ “ಬಾರೋ, ಒಂದು ಪದಾ ಕಲಿ” ಎಂದು ಕರೆದಿದ್ದರು. ಪರೀಕ್ಷೆಯ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಸವಣೂರು ಕಡೆಯ ಆ ಮನೆಯಲ್ಲಿ ಗೆಳೆಯನ ಪಾಲನ್ನು ಉಳಿದವರು ಹಾಡಿದಾಗ ನನಗೆ ನನ್ನ ಬಡತನ ಅರಿವಾಯಿತು. ಅವನಿಗೆ ಹಾಡಲಾಗಲಿಲ್ಲ, ನಿಜ. ಆದರೆ ಹಾಡು ಬರುತ್ತಿತ್ತು. ನನಗೆ ಬರುತ್ತಿರಲಿಲ್ಲ.

ಆದುದರಿಂದ ನನ್ನ ನಮ್ರ ಅಭಿಪ್ರಾಯವಿಷ್ಟು. ಆರಾಧನೆಯಲ್ಲಿ ಸಂಗೀತದ ಶಕ್ತಿಯಿರುವುದು ಅದರ ಇಂಪಿನಲ್ಲಲ್ಲ, ಅದನ್ನು ಎಲ್ಲರೂ ಹಂಚಿಕೊಳ್ಳುವುದರಲ್ಲಿ. ಚರ್ಚಾಗಲಿ, ಮಠವಾಗಲಿ, ಗುಡಿಯಾಗಲಿ, ವಾರಕ್ಕೊಮ್ಮೆ ಒಂದೇ ಒಂದು ಹಾಡನ್ನು ಮೈಕಿಲ್ಲದೆ ಹಾಡುವ ನಿಯಮ ಮಾಡಿಕೊಂಡರೆ ಯಾರಿಗೂ ನಷ್ಟವಿಲ್ಲ. ಮುದುಕರು ಬಲ್ಲ ಹಾಡನ್ನು ತರುಣರು ಕೇಳಿ ಕಲಿಯಲಿ. ಮೊಬೈಲಿನಲ್ಲಿ ತುಂಬಿಕೊಂಡರೆ ಸಾಲದು, ಬಾಯಿಗೆ ಬರಬೇಕು. ನಮ್ಮ ಕಾಲೇಜಿನ ಸ್ನೇಹಸಮ್ಮೇಳನದಲ್ಲಿ ಪ್ರತಿವರ್ಷ ಸಿನಿಮಾಹಾಡಿಗೆ ಕುಣಿಯುತ್ತೇವೆ. ಅರ್ಧ ಗಂಟೆ ನಾಲ್ಕೂ ತಾಲೂಕುಗಳ ಹಾಡುಗಳಿಗೂ ಇರಲಿ. ತತ್ತ್ವಪದ, ಕೀರ್ತನೆ, ಕ್ರಿಸ್ತಗೀತೆ, ಬೀಸುವ ಪದ ಯಾವುದೂ ಆದೀತು. ಆದರೆ ಹಾಡುವವರು ನಾವೇ ಆಗಿರಬೇಕು.

ಗೆಳೆಯನೂ ನಾನೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಮುಂದಿನ ಕ್ರಿಸ್ಮಸ್ಸಿನಲ್ಲಿ ಅಜ್ಜಿಯ ಹಾಡಿಗೆ ಅವನು ಕೀಬೋರ್ಡ್ ಮುಚ್ಚಿಡುತ್ತಾನೆ. ನಾನು ನಮ್ಮೂರ ಮೇಳದ ಆ ಮೂವರಲ್ಲಿ ಉಬ್ಬಸವಿಲ್ಲದ ಹಿರಿಯರ ಬಳಿಗೆ ರವಿವಾರಕ್ಕೊಮ್ಮೆ ಹೋಗುತ್ತಿದ್ದೇನೆ. ಇದುವರೆಗೆ ಎರಡು ಪದ ಬಂದಿವೆ. ತಾಳ ಇನ್ನೂ ತಪ್ಪುತ್ತದೆ.