ಇದ್ದಿಲು ಹೊಲಕ್ಕೆ, ಖರ್ಚು ಯಾರ ತಲೆಗೆ?



ಸಂಡೂರಿನ ಅದಿರು ಲಾರಿಗಳು ಹೊಸಪೇಟೆ ದಾರಿ ತುಂಬಿದ್ದ ವರ್ಷಗಳನ್ನು ನೀವು ಮರೆತಿಲ್ಲ. ಜೋಳದ ತೆನೆ, ಎತ್ತಿನ ಮೈ ಎಲ್ಲಾ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಷರತ್ತು ಹಾಕಿ ಬಿಟ್ಟಿತು. ಹೊಲಕ್ಕೆ ಇಳಿದ ದೂಳು, ಗುಡ್ಡದಿಂದ ಹರಿದು ಬಂದ ಹೂಳು ಮಾತ್ರ ಯಾವ ಕೋರ್ಟಿನ ಮಾತನ್ನೂ ಕೇಳಲಿಲ್ಲ.

ಈಗ ಹೊಸ ಮದ್ದು, ಬಯೋಚಾರ್. ಹೆಸರಿಗೆ ಹೆದರಬೇಡಿ, ನಮ್ಮ ಇದ್ದಿಲೇ. ಹತ್ತಿ ಕಡ್ಡಿ, ಭತ್ತದ ಹೊಟ್ಟು, ಬಳ್ಳಾರಿ ಜಾಲಿಯನ್ನು ಗಾಳಿ ಆಡದಂತೆ ಮುಚ್ಚಿ ಸುಟ್ಟರೆ ಬೂದಿಯಾಗದೆ ಕರಿ ಉಳಿಯುತ್ತದೆ. ಸೀಸ, ಕ್ಯಾಡ್ಮಿಯಂನಂಥ ವಿಷಲೋಹ ಅದಕ್ಕೆ ಅಂಟಿಕೊಂಡು ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ಹುಳಿ ಮಣ್ಣಿದ್ದರೆ ಹುಳಿಯೂ ಇಳಿಯುತ್ತದೆ. ಆದರೆ ಲೋಹ ಹೊಲ ಬಿಟ್ಟು ಹೋಗುವುದಿಲ್ಲ. ಕಳ್ಳನನ್ನು ಊರಾಚೆ ಅಟ್ಟಿದಂತಲ್ಲ, ಮನೆಯ ಕಂಬಕ್ಕೇ ಕಟ್ಟಿಹಾಕಿದಂತೆ. ಆರ್ಸೆನಿಕ್ ಇದ್ದರಂತೂ ಇದೇ ಇದ್ದಿಲು ಅದನ್ನು ಸಡಿಲ ಮಾಡಲೂಬಹುದು. ಎಲೆ ಮೇಲೆ ಕೂತ ದೂಳಿಗೆ ಇದರಿಂದ ಏನೂ ಆಗದು. ಕಂಪ್ಲಿಯ ಭತ್ತದ ಗದ್ದೆಗೂ ಸಂಡೂರಿನ ಕೆಂಪು ಹೊಲಕ್ಕೂ ಒಂದೇ ಮದ್ದು ಅನ್ನುವವರನ್ನು ನಂಬಬೇಡಿ.

ನಿಮ್ಮ ಹೊಲದಲ್ಲಿ ವಿಷಲೋಹ ಇದೆಯೋ ಇಲ್ಲವೋ? 2015ರಿಂದ ಹಂಚಿದ ಮಣ್ಣಿನ ಆರೋಗ್ಯ ಚೀಟಿ ತೆಗೆದು ನೋಡಿ. 12 ಅಂಶಗಳಿವೆ. ಕಬ್ಬಿಣ ಇದೆ, ಮ್ಯಾಂಗನೀಸ್ ಇದೆ, ಅದೂ ಬೆಳೆಗೆ ಸಾಕೇ ಎಂದು ತಿಳಿಯಲು. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗೆ ಸಾಲೇ ಇಲ್ಲ. ಗಣಿ ಊರಿಗೂ ಗಣಿಯೇ ಇಲ್ಲದ ಊರಿಗೂ ಒಂದೇ ಚೀಟಿ! ರೋಗ ಗೊತ್ತಿಲ್ಲದೆ ಮದ್ದು ಮಾರುವವರು ನಾಳೆ ಬಾಗಿಲಿಗೆ ಬರ್ತಾರೆ.

ಲೆಕ್ಕ ಹಾಕಿ. ಎಕರೆಗೆ 4 ಟನ್ ಇದ್ದಿಲು ಅಂದರೆ ಒಣ ಕಡ್ಡಿ 12ರಿಂದ 16 ಟನ್ ಬೇಕು. ಒಂದು ಎಕರೆ ಹತ್ತಿಯ ಕಡ್ಡಿ ಒಂದೆರಡು ಟನ್ನು ದಾಟದು. ಉಳಿದದ್ದನ್ನು ಕೊಳ್ಳಬೇಕು, ಹೇರಬೇಕು, ಕೂಲಿ ಕೊಡಬೇಕು. ಭತ್ತದ ಧಾರಣೆಯಲ್ಲಿ ಈ ಖರ್ಚು ಎಲ್ಲಿ ಹುಟ್ಟುತ್ತೆ? ಸೊಸೈಟಿ ಸಾಲ ತಂದು ಗಣಿ ಧಣಿಗಳ ಕಸ ತೊಳೆಯಬೇಕೇ?

ದುಡ್ಡಿಲ್ಲ ಅನ್ನೋ ಹಾಗಿಲ್ಲ. ಗಣಿಬಾಧಿತ ಪ್ರದೇಶಗಳಿಗೆಂದೇ ಸುಪ್ರೀಂ ಕೋರ್ಟಿನ ಆದೇಶದಂತೆ ಕೂಡಿಟ್ಟ ಸಾವಿರಾರು ಕೋಟಿ ಇದೆ, ಅದಕ್ಕೊಂದು ಗಣಿ ಪರಿಸರ ಪುನಶ್ಚೇತನ ನಿಗಮವೂ ಇದೆ. 2015ರ ಕಾನೂನಿನಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬೇರೆ. ರಸ್ತೆ, ಕಟ್ಟಡಗಳ ಪಟ್ಟಿಗಿಂತ ಮೊದಲು ಹೊಲದ ಮಣ್ಣು ಬರಲಿ. ಹಳ್ಳಿ ಹಳ್ಳಿಯಲ್ಲಿ ವಿಷಲೋಹದ ಪರೀಕ್ಷೆ ಪುಕ್ಕಟೆ ಆಗಬೇಕು, ಫಲಿತಾಂಶ ಪಂಚಾಯ್ತಿ ಗೋಡೆಗೆ ಅಂಟಬೇಕು. ಇದ್ದಿಲು ಬೇಕೆಂದು ಕಂಡ ಹೊಲಕ್ಕೆ ಆ ದುಡ್ಡಿನಲ್ಲೇ ಸುಟ್ಟು, ಹೊತ್ತು, ಹರಗಿ ಕೊಡಲಿ.

ಅಲ್ಲಿಯವರೆಗೆ ಇದ್ದಿಲಿನ ಹೆಸರಲ್ಲಿ ಯಾವ ಸಾಲದ ಅರ್ಜಿಗೂ ಹೆಬ್ಬೆಟ್ಟು ಒತ್ತಬೇಡಿ. ಮುಂದಿನ ಗ್ರಾಮಸಭೆಗೆ ಆ ಚೀಟಿ ಹಿಡಿದು ಹೋಗಿ, ಸೀಸದ ಸಾಲು ಎಲ್ಲಿ ಅಂತ ಕೇಳಿ.