ವಿದ್ಯಾಪೀಠಕ್ಕೆ ಹೆಸರೊಂದೇ ಸಾಕೇ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಜನ ನಗುತ್ತಾರೆ. ಹುಟ್ಟಿದ ಕೂಸಿಗೆ ಹಾಲನ್ನೇ ಕೊಡದಿದ್ದರೆ ಏನೆನ್ನೋಣ? 2022ರಲ್ಲಿ ರಾಜ್ಯ ಸರಕಾರವು ನೆರೆಯ ಬಾಗಲಕೋಟೆಯೂ ಸೇರಿ 7 ಜಿಲ್ಲೆಗಳಿಗೆ ಹೊಸ ವಿಶ್ವವಿದ್ಯಾಲಯಗಳನ್ನು ಮಂಜೂರು ಮಾಡಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಣದ ಕೊರತೆಯನ್ನು ಮುಂದೊಡ್ಡಿ, ಇಂಥ 9 ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಸಲಹೆಯನ್ನಿತ್ತಿತು. ಮೂರೇ ವರ್ಷಗಳಲ್ಲಿ ತೊಟ್ಟಿಲ ಮಾತೂ ಆಯಿತು, ಚಟ್ಟದ ಮಾತೂ ಆಯಿತು!

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಾದ ನಮಗೆ ಇದು ಪರರ ಸಂಗತಿಯಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿದ್ದ ಈ ಭಾಗದ ಕಾಲೇಜುಗಳು, 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ತೆಕ್ಕೆಗೆ ಬಂದವು. ಇಂಡಿಯಿಂದ ಬೆಳಗಾವಿ 200 ಕಿಲೋಮೀಟರಿಗೂ ದೂರ. ಹತ್ತಿರವೊಂದು ವಿದ್ಯಾಪೀಠವಿರಲೆಂಬ ಆಸೆ ನಮಗೂ ಉಂಟು. ಆದರೆ ಖಾಯಂ ಪ್ರಾಧ್ಯಾಪಕರು, ಗ್ರಂಥಾಲಯ, ಪ್ರಯೋಗಶಾಲೆಗಳಿಲ್ಲದ ವಿದ್ಯಾಪೀಠವು ಪರೀಕ್ಷೆ ನಡೆಸುವ ಕಚೇರಿಯಾದೀತೇ ಹೊರತು ಜ್ಞಾನದ ಮನೆಯಾಗದು. ಇಂಡಿಯ ಲಿಂಬೆಯ ರೋಗವನ್ನಾಗಲಿ, ಡೋಣಿ ಸಾಲಿನ ಕರಿನೆಲದ ಗುಣವನ್ನಾಗಲಿ ಬರಿಯ ನಾಮಫಲಕ ಸಂಶೋಧಿಸಲಾರದು.

ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟು ಶಿಕ್ಷಣಕ್ಕೆ ಮೀಸಲಾಗಲೆಂದು ಕೊಠಾರಿ ಆಯೋಗವು 1966ರಲ್ಲಿಯೇ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇಕಡಾ 6ರ ಮಾತನ್ನಾಡಿತು. ನಡುವೆ 54 ವರ್ಷಗಳು ಸಂದವು.

ಆದ್ದರಿಂದ ಸರಕಾರವು ಹೊಸ ಹೆಸರಿಡುವ ಮೊದಲು ಹತ್ತು ವರ್ಷಗಳ ಹುದ್ದೆ ಹಾಗೂ ಹಣದ ಯೋಜನೆಯನ್ನು ಶಾಸನಸಭೆಯ ಮುಂದಿಡಲಿ. ಹುಟ್ಟಿಸಿದವುಗಳನ್ನು ಮುಚ್ಚದೆ ಸಲಹಲಿ. ಉಳ್ಳವರ ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋದಾರು. ಮನೆತನದಲ್ಲಿ ಮೊದಲ ಪದವೀಧರರಾಗಲಿರುವ ನಮ್ಮಂಥವರಿಗೆ ಸರಕಾರಿ ವಿದ್ಯಾಪೀಠದ ಬಾಗಿಲೊಂದೇ ಬಾಗಿಲು. ಅದು ತೆರೆದಿರಬೇಕು, ಒಳಗೆ ಕಲಿಸುವವರೂ ಇರಬೇಕು.